‘ಚಾರ್ಜ್’ ಪದವನ್ನು ಬುಡದಿಂದ ಕಲಿಯುವುದು ಹೇಗೆ? ಅರ್ಥ, ಸಮಾನಪದ, ಬಳಕೆ: ಸಮಗ್ರ ಮಾರ್ಗದರ್ಶಿ

ಫೋನ್ ಚಾರ್ಜ್ ಆಗಿಲ್ಲ. ಆಟೋದವರು ಚಾರ್ಜ್ ಜಾಸ್ತಿ ಮಾಡಿದ್ದಾರೆ. ಹೊಸ ತಹಶೀಲ್ದಾರರು ನಿನ್ನೆ ಚಾರ್ಜ್ ತಗೊಂಡರು. ಪೊಲೀಸರು ಚಾರ್ಜ್‌ಶೀಟ್ ಹಾಕಿದರು. ಗಲಾಟೆ ಜೋರಾಗಿ ಲಾಠಿ ಚಾರ್ಜ್ ಆಯಿತು. ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಇಂಗ್ಲಿಷ್ ಶಾಲೆಯ ಮೆಟ್ಟಿಲು ಹತ್ತದವರೂ ಈ ಮಾತುಗಳನ್ನು ಸಲೀಸಾಗಿ ಆಡುತ್ತಾರೆ. ಐದರಲ್ಲೂ ಅರ್ಥ ಬೇರೆ. ಆದರೂ ಯಾರಿಗೂ ಗೊಂದಲ ಇಲ್ಲ.

ಗೊಂದಲ ಶುರುವಾಗುವುದು ಪರೀಕ್ಷೆಯ ಕೋಣೆಯಲ್ಲಿ. ‘ಚಾರ್ಜ್ ಪದದ ಸಮಾನಪದ ಆರಿಸಿ’ ಅಂತ ಕೇಳಿ ಫೀ, ಅಕ್ಯೂಸ್, ಅಟ್ಯಾಕ್, ಕಸ್ಟಡಿ ಎಂದು ನಾಲ್ಕು ಆಯ್ಕೆ ಕೊಟ್ಟರೆ ನಾಲ್ಕೂ ಸರಿ ಅನಿಸುತ್ತದೆ. ನಿಜಕ್ಕೂ ನಾಲ್ಕೂ ಸರಿಯೇ. ವಾಕ್ಯ ನೋಡದೆ ಉತ್ತರ ಹೇಳಲು ಬರುವುದಿಲ್ಲ. ಎಸ್‌ಡಿಎ, ಎಫ್‌ಡಿಎ, ಪಿಎಸ್‌ಐ, ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವ ಕನ್ನಡ ಮಾಧ್ಯಮದವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಕಚೇರಿಯಲ್ಲಿ ಇಂಗ್ಲಿಷ್ ಪತ್ರ ಬರೆಯುವವರಿಗೂ ಉಪಯೋಗಕ್ಕೆ ಬರುತ್ತದೆ.

ಹೆಜ್ಜೆ 1: ಮೊದಲು ನಿಘಂಟು ಮುಚ್ಚಿಡಿ

ನಿಘಂಟು ತೆರೆದರೆ ‘ಚಾರ್ಜ್’ ಕೆಳಗೆ ಅರ್ಥಗಳ ಉದ್ದ ಸಾಲು ಬರುತ್ತದೆ. ಅದನ್ನು ಬಾಯಿಪಾಠ ಮಾಡಿದರೆ ಮೂರನೇ ದಿನಕ್ಕೆ ಮರೆತುಹೋಗುತ್ತದೆ. ಅದರ ಬದಲು ಒಂದು ಹಾಳೆ ತಗೊಂಡು, ನಿಮ್ಮ ಸುತ್ತ ಈ ಪದ ಎಲ್ಲೆಲ್ಲಿ ಇದೆ ಅಂತ ಬರೆಯಿರಿ. ಕರೆಂಟ್ ಬಿಲ್, ಆಸ್ಪತ್ರೆಯ ರಸೀದಿ, ಬ್ಯಾಂಕ್ ಪಾಸ್‌ಬುಕ್, ಎಪಿಎಂಸಿಯಲ್ಲಿ ಹತ್ತಿ ಮಾರಿದಾಗ ಕೊಡುವ ಪಟ್ಟಿ, ಪೇಪರ್‌ನ ಕ್ರೈಂ ಪುಟ, ಕಚೇರಿಯ ಆದೇಶ: ಇಷ್ಟು ಹುಡುಕಿದರೆ ಸಾಕು.

ಒಂದೇ ನಿಯಮ. ಬಿಡಿ ಪದ ಬರೆಯಬೇಡಿ, ಪೂರ್ತಿ ವಾಕ್ಯ ಬರೆಯಿರಿ. ‘ಚಾರ್ಜ್’ ಅಂತ ಬರೆದಿಟ್ಟರೆ ಏನೂ ಕಲಿತಂತಲ್ಲ. ‘ಜೀನ್ಸ್ ಒಂದಕ್ಕೆ ವಾಷಿಂಗ್ ಚಾರ್ಜ್ ಇಷ್ಟು ಬೀಳುತ್ತೆ’ ಅಂತ ಬರೆದರೆ ಅರ್ಥ ಅಲ್ಲೇ ಕೂತಿರುತ್ತದೆ. ಬಳ್ಳಾರಿಯ ಜೀನ್ಸ್ ಘಟಕಗಳ ಕಡೆಯವರಿಗೆ ಇಂಥ ವಾಕ್ಯಕ್ಕೆ ಬರ ಇಲ್ಲ.

ಹೆಜ್ಜೆ 2: ಬೇರು ಹಿಡಿಯಿರಿ

ಈ ಹೆಜ್ಜೆ ಗಟ್ಟಿಯಾದರೆ ಅರ್ಧ ಕೆಲಸ ಮುಗಿದಂತೆ.

‘ಚಾರ್ಜ್’ ಇಂಗ್ಲಿಷಿಗೆ ಹಳೆಯ ಫ್ರೆಂಚ್‌ನಿಂದ ಬಂದಿದೆ, ಅಲ್ಲಿಗೆ ಲ್ಯಾಟಿನ್‌ನಿಂದ. ಲ್ಯಾಟಿನ್‌ನಲ್ಲಿ ‘ಕಾರ್ರುಸ್’ ಎಂದರೆ ಬಂಡಿ. ‘ಕಾರ್ರಿಕಾರೆ’ ಎಂದರೆ ಬಂಡಿಗೆ ಹೇರುವುದು. ಕಾರ್, ಕ್ಯಾರಿ, ಕಾರ್ಗೊ ಎಲ್ಲ ಇದೇ ಬೇರಿನ ಪದಗಳು.

ಹೇರುವುದು ಎಂದರೇನು ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಸಿಂಧನೂರು, ಗಂಗಾವತಿಯಲ್ಲಿ ಭತ್ತ ಹೇರುತ್ತಾರೆ, ರಾಯಚೂರಿನಲ್ಲಿ ಹತ್ತಿ ಹೇರುತ್ತಾರೆ. ಇನ್ನೂ ಒಳ್ಳೆಯ ಸುದ್ದಿ ಅಂದರೆ ಕನ್ನಡವೂ ಇದೇ ದಾರಿಯಲ್ಲಿ ನಡೆದಿದೆ. ಯಾರ ಮೇಲಾದರೂ ಆರೋಪ ‘ಹೊರಿಸುತ್ತೇವೆ’. ಹೊಣೆ ‘ಹೊರುತ್ತೇವೆ’. ತೆರಿಗೆ ‘ಹೇರುತ್ತಾರೆ’. ಸರ್ಕಾರಿ ಕನ್ನಡದ ‘ಪ್ರಭಾರ’, ‘ಕಾರ್ಯಭಾರ’ ಎರಡರಲ್ಲೂ ಭಾರ ಇದೆ. ‘ಆರೋಪ’ ಎಂಬ ಸಂಸ್ಕೃತ ಪದದ ಮೂಲ ಅರ್ಥವೇ ಮೇಲೆ ಏರಿಸಿ ಇಡುವುದು.

ಹಾಗಾಗಿ ‘ಚಾರ್ಜ್’ ಇರುವ ಯಾವುದೇ ವಾಕ್ಯ ಸಿಕ್ಕರೂ ಈ ಪ್ರಶ್ನೆ ಕೇಳಿ: ಯಾರು, ಯಾವುದರ ಮೇಲೆ, ಏನನ್ನು ಹೇರಿದ್ದಾರೆ? ಹೇರಿದ್ದು ಹಣವಾದರೆ ಶುಲ್ಕ. ತಪ್ಪಾದರೆ ಆರೋಪ. ಕೆಲಸವಾದರೆ ಹೊಣೆ. ಕರೆಂಟೋ ಸಿಡಿಮದ್ದೋ ಆದರೆ ತುಂಬುವುದು. ಸಾಲವಾದರೆ ಬೋಜಾ, ಅಂದರೆ ಆಸ್ತಿಯ ಮೇಲಿನ ಹೊರೆ. ಮೈಭಾರವನ್ನೇ ಹಾಕಿ ಮೇಲೆ ಬಿದ್ದರೆ ದಾಳಿ. ಕೊನೆಯದನ್ನು ಸುಮ್ನೆ ನೆನಪಿನ ಅನುಕೂಲಕ್ಕೆ ಹೀಗೆ ಜೋಡಿಸಿದ್ದೇನೆ.

ಹೆಜ್ಜೆ 3: ವಾಕ್ಯಗಳನ್ನು ಗುಂಪು ಮಾಡಿ

ಹಾಳೆಯಲ್ಲಿ ಬರೆದ ವಾಕ್ಯಗಳನ್ನು ಈಗ ಒಂದೊಂದಾಗಿ ಗುಂಪಿಗೆ ಸೇರಿಸಿ. ಹಣದ ಗುಂಪು ದೊಡ್ಡದು, ಅದಕ್ಕೆ ಬೇರೆಯೇ ಹೆಜ್ಜೆ ಇದೆ. ಉಳಿದವನ್ನು ಇಲ್ಲಿ ನೋಡೋಣ.

ತುಂಬುವ ಚಾರ್ಜ್. ಬ್ಯಾಟರಿ ಎಲ್ಲರಿಗೂ ಗೊತ್ತು. ಆದರೆ ಭೌತಶಾಸ್ತ್ರದಲ್ಲಿ ‘ಚಾರ್ಜ್’ ಎಂದರೆ ವಿದ್ಯುದಾವೇಶ, ಅದರ ಅಳತೆ ಕೂಲಂಬ್. ಫೋನಿನ ಬ್ಯಾಟರಿ ಮೇಲೆ 5000 ಎಂಎಎಚ್ ಅಂತ ಇದ್ದರೆ ಅದು ಇದೇ ಆವೇಶದ ಲೆಕ್ಕ, ಸರಿಯಾಗಿ 18,000 ಕೂಲಂಬ್. ಕರೆಂಟ್ ಬಿಲ್‌ನ ‘ಯೂನಿಟ್’ ಮಾತ್ರ ಬೇರೆ. ಅದು ಕಿಲೋವ್ಯಾಟ್ ಅವರ್, ಅಂದರೆ ಶಕ್ತಿಯ ಲೆಕ್ಕ. ವಿಜ್ಞಾನದ ವಾಕ್ಯದಲ್ಲಿ ‘ಚಾರ್ಜ್’ ಬಂದರೆ ಸಮಾನಪದ ಹುಡುಕಲು ಹೋಗಬೇಡಿ. ಪಾರಿಭಾಷಿಕ ಪದಕ್ಕೆ ಬದಲಿ ಇರುವುದಿಲ್ಲ.

ನಮ್ಮ ಜಿಲ್ಲೆಗಳಲ್ಲಿ ಈ ಗುಂಪಿಗೆ ಇನ್ನೂ ಕೆಲವು ಅರ್ಥ ಸೇರುತ್ತವೆ. ಶಕ್ತಿನಗರದ ರಾಯಚೂರು ಶಾಖೋತ್ಪನ್ನ ಕೇಂದ್ರ, ಕುಡತಿನಿಯ ಬಳ್ಳಾರಿ ಶಾಖೋತ್ಪನ್ನ ಕೇಂದ್ರ, ಜೆಸ್ಕಾಂ ಸಬ್‌ಸ್ಟೇಷನ್ ಇವುಗಳಲ್ಲಿ ಕೆಲಸ ಮಾಡುವವರು ‘ಲೈನ್ ಚಾರ್ಜ್ ಆಗಿದೆ’ ಎಂದರೆ ತಂತಿಯಲ್ಲಿ ಕರೆಂಟ್ ಹರಿಯಲು ಬಿಟ್ಟಿದ್ದಾರೆ ಎಂದು ಅರ್ಥ, ಮುಟ್ಟಿದರೆ ಜೀವ ಹೋಗುತ್ತದೆ. ಇದಕ್ಕೆ ಇಂಗ್ಲಿಷ್ ಸಮಾನಪದ ಎನರ್ಜೈಸ್. ಹಾಗೆ ಕರೆಂಟ್ ಇರುವ ತಂತಿಗೆ ಲೈವ್ ವೈರ್.

ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ ಮಾಡುವವರನ್ನು ಕೇಳಿದರೆ ‘ಚಾರ್ಜ್’ ಎಂದರೆ ಬ್ಲಾಸ್ಟ್ ಫರ್ನೇಸ್‌ಗೆ ಮೇಲಿನಿಂದ ಸುರಿಯುವ ಸರಕು: ಅದಿರು, ಕೋಕ್, ಸುಣ್ಣದಕಲ್ಲು. ಈ ಸರಕಿಗೆ ಇನ್ನೊಂದು ಹೆಸರು ಬರ್ಡನ್. ಬರ್ಡನ್ ಎಂದರೂ ಹೊರೆಯೇ! ಹಟ್ಟಿ ಚಿನ್ನದ ಗಣಿಯಲ್ಲಾಗಲಿ, ಕಲ್ಲಿನ ಕ್ವಾರಿಯಲ್ಲಾಗಲಿ ಕೊರೆದ ತೂತಿಗೆ ಸ್ಫೋಟಕ ತುಂಬುವುದಕ್ಕೂ ‘ಚಾರ್ಜ್ ಮಾಡುವುದು’ ಅನ್ನುತ್ತಾರೆ. ಇಲ್ಲೆಲ್ಲ ಲೋಡ್, ಫಿಲ್ ಸಮಾನಪದಗಳು.

ಹೊಣೆಯ ಚಾರ್ಜ್. ಕಚೇರಿ ಇಂಗ್ಲಿಷ್‌ನಲ್ಲಿ ಅತಿ ಹೆಚ್ಚು ಎಡವುವುದು ಇಲ್ಲೇ. ‘ಟೇಕ್ ಚಾರ್ಜ್’ ಎಂದರೆ ಅಧಿಕಾರ ವಹಿಸಿಕೊಳ್ಳುವುದು, ‘ಹ್ಯಾಂಡ್ ಓವರ್ ಚಾರ್ಜ್’ ಎಂದರೆ ಒಪ್ಪಿಸುವುದು. ಇಲ್ಲಿಯವರೆಗೆ ಸುಲಭ. ಮುಂದೆ ಒಂದು ಚಿಕ್ಕ ‘ದ’ ಆಟ ಆಡುತ್ತದೆ. ‘ದ ಟೀಚರ್ ಈಸ್ ಇನ್ ಚಾರ್ಜ್ ಆಫ್ ದ ಚಿಲ್ಡ್ರನ್’ ಎಂದರೆ ಮಕ್ಕಳ ಹೊಣೆ ಮೇಷ್ಟ್ರದು. ‘ದ ಚಿಲ್ಡ್ರನ್ ಆರ್ ಇನ್ ದ ಚಾರ್ಜ್ ಆಫ್ ದ ಟೀಚರ್’ ಎಂದರೆ ಮಕ್ಕಳು ಮೇಷ್ಟ್ರ ಸುಪರ್ದಿಯಲ್ಲಿದ್ದಾರೆ. ಎರಡನೆಯದರಲ್ಲಿ ‘ದ’ ಬಿಟ್ಟರೆ ಮಕ್ಕಳೇ ಮೇಷ್ಟ್ರನ್ನು ಆಳಿದಂತಾಗುತ್ತದೆ. ಕೆಲವು ತರಗತಿಯಲ್ಲಿ ಅದೂ ನಿಜ, ಬಿಡಿ.

ಇನ್ನೊಂದು ಗಮನಿಸಿ. ‘ಇನ್‌ಚಾರ್ಜ್’ ಎಂದು ಒಂದೇ ಪದ ಮಾಡಿ ಮನುಷ್ಯನಿಗೆ ಹೇಳುವುದು ಭಾರತದ ರೂಢಿ. ‘ಐ ಆ್ಯಮ್ ದ ಇನ್‌ಚಾರ್ಜ್’ ಎಂಬುದು ನಮ್ಮಲ್ಲಿ ಎಲ್ಲರಿಗೂ ತಿಳಿಯುತ್ತದೆ. ಪರೀಕ್ಷೆಯಲ್ಲಿ ಮಾತ್ರ ‘ಐ ಆ್ಯಮ್ ಇನ್ ಚಾರ್ಜ್’ ಅಂತ ಬರೆಯಿರಿ. ಅನುವಾದಕ್ಕೆ ಕೊಟ್ಟರೆ ಇನ್ನೂ ಎಚ್ಚರ ಬೇಕು. ಕನ್ನಡದಲ್ಲಿ ‘ಜಿಲ್ಲಾ ಉಸ್ತುವಾರಿ ಸಚಿವರು’ ಮತ್ತು ‘ಪ್ರಭಾರ ಪ್ರಾಂಶುಪಾಲರು’ ಬೇರೆ ಬೇರೆ. ಮೊದಲನೆಯವರು ಜಿಲ್ಲೆಯ ಹೊಣೆ ಹೊತ್ತವರು. ಎರಡನೆಯವರು ಕಾಯಂ ಆಗಿ ಬೇರೆಯವರು ಬರುವವರೆಗೆ ಕುರ್ಚಿ ನೋಡಿಕೊಳ್ಳುವವರು. ನಮ್ಮ ಕಚೇರಿ ಇಂಗ್ಲಿಷ್ ಇಬ್ಬರನ್ನೂ ‘ಇನ್‌ಚಾರ್ಜ್’ ಅಂದುಬಿಡುತ್ತದೆ. ಸರಿಯಾಗಿ ಬರೆಯುವುದಾದರೆ ಮೊದಲನೆಯದಕ್ಕೆ ಮಿನಿಸ್ಟರ್ ಇನ್ ಚಾರ್ಜ್, ಎರಡನೆಯದಕ್ಕೆ ಆ್ಯಕ್ಟಿಂಗ್ ಪ್ರಿನ್ಸಿಪಾಲ್.

ಈ ಗುಂಪಿನ ಸಮಾನಪದಗಳು ರೆಸ್ಪಾನ್ಸಿಬಿಲಿಟಿ, ಕೇರ್, ಕಸ್ಟಡಿ, ಕಂಟ್ರೋಲ್. ಕತೆಯ ಪ್ಯಾಸೇಜ್‌ನಲ್ಲಿ ‘ಹರ್ ಯಂಗ್ ಚಾರ್ಜಸ್’ ಅಂತ ಬಂದರೆ ಶುಲ್ಕ ಅಂದುಕೊಳ್ಳಬೇಡಿ. ಅವಳು ನೋಡಿಕೊಳ್ಳುತ್ತಿರುವ ಮಕ್ಕಳು ಅಂತ ಅರ್ಥ.

ಆರೋಪದ ಚಾರ್ಜ್. ಅಲೆಜ್, ಅಕ್ಯೂಸ್, ಚಾರ್ಜ್ ಮೂರನ್ನೂ ಸಮಾನಪದ ಪಟ್ಟಿಯಲ್ಲಿ ಒಟ್ಟಿಗೆ ಇಡುತ್ತಾರೆ. ತೂಕ ಮಾತ್ರ ಬೇರೆ. ಅಲೆಜ್ ಎಂದರೆ ಪುರಾವೆ ಇನ್ನೂ ತೋರಿಸದೆ ಹೇಳುವುದು. ಅಕ್ಯೂಸ್ ಎಂದರೆ ಯಾರು ಬೇಕಾದರೂ ಯಾರ ಮೇಲೆ ಬೇಕಾದರೂ ದೂರುವುದು, ಪಕ್ಕದ ಮನೆಯವರೂ ಮಾಡಬಹುದು. ಚಾರ್ಜ್ ಎಂದರೆ ಸಾಮಾನ್ಯವಾಗಿ ಅಧಿಕಾರ ಇರುವವರು ಕಾನೂನಿನ ಪ್ರಕಾರ ಹೊರಿಸುವುದು. ಇಲಾಖೆ ವಿಚಾರಣೆಯಲ್ಲಿ ಬರುವ ‘ಆರ್ಟಿಕಲ್ಸ್ ಆಫ್ ಚಾರ್ಜ್’ ಕೂಡ ಇದೇ ಗುಂಪು.

ಪಿಎಸ್‌ಐ ಪರೀಕ್ಷೆಗೆ ಓದುವವರು ಇನ್ನೊಂದು ವ್ಯತ್ಯಾಸ ಬರೆದಿಟ್ಟುಕೊಳ್ಳಿ. ಪೇಪರ್‌ನವರು ‘ಚಾರ್ಜ್‌ಶೀಟ್’, ‘ದೋಷಾರೋಪ ಪಟ್ಟಿ’ ಅನ್ನುವುದಕ್ಕೆ ಕಾನೂನಿನಲ್ಲಿರುವ ಹೆಸರು ಪೊಲೀಸ್ ವರದಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 193ನೇ ಕಲಂನಲ್ಲಿ ಅದು ಬರುತ್ತದೆ. ಅದನ್ನು ಸಲ್ಲಿಸುವುದು ಪೊಲೀಸರು. ‘ಫ್ರೇಮಿಂಗ್ ಆಫ್ ಚಾರ್ಜ್’ ಎಂದರೆ ಆಮೇಲೆ ನ್ಯಾಯಾಲಯ ಆರೋಪ ನಿಗದಿ ಮಾಡುವುದು. ಎರಡೂ ಒಂದೇ ಅಲ್ಲ. ಚಾರ್ಜ್‌ಶೀಟ್ ಆದ ಕೂಡಲೇ ‘ಅಪರಾಧ ಸಾಬೀತಾಯಿತು’ ಅನ್ನುವುದು ಕಟ್ಟೆಯ ಮೇಲಿನ ಮಾತು ಅಷ್ಟೇ.

ಬೋಜಾ ಎಂಬ ಚಾರ್ಜ್. ನಿಘಂಟುಗಳು ಇದನ್ನು ಎಲ್ಲೋ ಕೊನೆಗೆ ಹಾಕುತ್ತವೆ. ನಮ್ಮ ರೈತರಿಗೆ ಮಾತ್ರ ಇದು ಮೊದಲು ಎದುರಾಗುವ ಅರ್ಥ. ಬೆಳೆಸಾಲ ತಗೊಂಡರೆ ಪಹಣಿಯಲ್ಲಿ ಬೋಜಾ ಬೀಳುತ್ತದೆ, ತೀರಿಸಿದರೆ ಬೋಜಾ ತೆಗೆಸಬೇಕು. ಬೋಜಾ ಎಂದರೆ ಹೊರೆ. ಬ್ಯಾಂಕಿನ ಇಂಗ್ಲಿಷ್‌ನಲ್ಲಿ ಅದೇ ‘ಚಾರ್ಜ್’. ಎಲ್ಲಿಯದೋ ಲ್ಯಾಟಿನ್, ಎಲ್ಲಿಯದೋ ಹಿಂದಿ-ಉರ್ದು, ಹೊಲದ ಕಾಗದದ ಮೇಲೆ ಎರಡೂ ಒಂದೇ ಮಾತು ಹೇಳುತ್ತವೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 100ನೇ ಕಲಂನಲ್ಲಿ ಇದರ ವ್ಯಾಖ್ಯೆ ಇದೆ. ಆಸ್ತಿ ಹಣಕ್ಕೆ ಭದ್ರತೆ ಆಗಿರುತ್ತದೆ, ಆದರೆ ಆ ವ್ಯವಹಾರ ಅಡಮಾನ ಆಗಿರುವುದಿಲ್ಲ. ಹತ್ತಿರದ ಸಮಾನಪದ ಎನ್‌ಕಂಬ್ರನ್ಸ್. ಮನೆ ಕೊಳ್ಳುವಾಗ ತೆಗೆಸುವ ಇಸಿಯಲ್ಲಿ (ಎನ್‌ಕಂಬ್ರನ್ಸ್ ಸರ್ಟಿಫಿಕೇಟ್, ಋಣಭಾರ ಪತ್ರ) ಇರುವ ‘ಇ’ ಇದೇ ಪದ.

ನುಗ್ಗುವ ಚಾರ್ಜ್. ದರೋಜಿ ಕಡೆಯ ಕಾಡಿನಲ್ಲಿ ಮರಿ ಜೊತೆಗಿರುವ ಕರಡಿ ಎದುರಾಗಿ ಮೇಲೆ ಬಂದರೆ ಅದು ಚಾರ್ಜ್. 1520ರ ರಾಯಚೂರು ಯುದ್ಧದಂಥ ಕಾಳಗಗಳ ಬಗ್ಗೆ ಇಂಗ್ಲಿಷ್‌ನಲ್ಲಿ ಓದುವಾಗ ಅಶ್ವದಳಕ್ಕೆ ಇದೇ ಕ್ರಿಯಾಪದ ಸಿಗುತ್ತದೆ. ಅಟ್ಯಾಕ್, ರಷ್, ಸ್ಟಾರ್ಮ್ ಇದರ ಸಮಾನಪದಗಳು. ಲಾಠಿ ಚಾರ್ಜ್ ಭಾರತದ ಇಂಗ್ಲಿಷ್‌ನಲ್ಲಿ ಹುಟ್ಟಿದ ಜೋಡಿ. ಅಂದಹಾಗೆ ಹಳೆಯ ಇಂಗ್ಲಿಷ್ ಪುಸ್ತಕದಲ್ಲಿ ‘ಚಾರ್ಜರ್’ ಬಂದರೆ ಅದು ಪ್ಲಗ್‌ಗೆ ಹಾಕುವುದಲ್ಲ, ಯುದ್ಧದ ಕುದುರೆ.

ಹೆಜ್ಜೆ 4: ಪಕ್ಕದ ಚಿಕ್ಕ ಪದ ನೋಡಿ

‘ಚಾರ್ಜ್’ ಮುಂದೆ ಬರುವ ವಿತ್, ಫಾರ್, ಅ್ಯಟ್, ಟು ಇವುಗಳ ಮೇಲೆ ಬೆರಳಿಡಿ. ಬಹಳಷ್ಟು ಸಲ ಅರ್ಥ ಅಲ್ಲೇ ತೀರ್ಮಾನ ಆಗುತ್ತದೆ.

‘ಚಾರ್ಜ್ಡ್ ವಿತ್’ ಬಂದು ಮುಂದೆ ಥೆಫ್ಟ್, ಮರ್ಡರ್ ಇದ್ದರೆ ಆರೋಪ. ಅದೇ ‘ಚಾರ್ಜ್ಡ್ ವಿತ್’ ಬಂದು ಮುಂದೆ ಕೆಲಸ ಇದ್ದರೆ ಹೊಣೆ. ‘ಚಾರ್ಜ್ ಫಾರ್’ ಇದ್ದರೆ ಹಣ. ‘ಚಾರ್ಜ್ ಅ್ಯಟ್’ ಇದ್ದರೆ ನುಗ್ಗುವುದು. ‘ಚಾರ್ಜ್ ಟು’ ಬಂದು ಮುಂದೆ ಅಕೌಂಟ್ ಇದ್ದರೆ ಖಾತೆಗೆ ಖರ್ಚು ಹಾಕುವುದು.

ಇಲ್ಲಿ ಪರೀಕ್ಷೆಯವರಿಗೆ ಇಷ್ಟವಾದ ಒಂದು ಬಲೆ ಇದೆ. ಅಕ್ಯೂಸ್ ಮುಂದೆ ‘ಆಫ್’ ಬರುತ್ತದೆ, ಚಾರ್ಜ್ ಮುಂದೆ ‘ವಿತ್’. ‘ಅಕ್ಯೂಸ್ಡ್ ಆಫ್ ಥೆಫ್ಟ್’, ‘ಚಾರ್ಜ್ಡ್ ವಿತ್ ಥೆಫ್ಟ್’. ಅರ್ಥ ಹತ್ತಿರ ಅಂತ ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಪಕ್ಕದ ಪದವನ್ನೂ ಬದಲಿಸಬೇಕು. ಸಮಾನಪದಗಳ ಪಟ್ಟಿ ಇದನ್ನು ಹೇಳಿಕೊಡುವುದಿಲ್ಲ.

ಹೆಜ್ಜೆ 5: ಹಣದ ಗುಂಪನ್ನು ಬೇರೆ ಮಾಡಿ

ನಾವು ‘ಬಸ್ ಚಾರ್ಜ್’ ಅನ್ನುತ್ತೇವೆ. ಇಂಗ್ಲಿಷ್‌ನಲ್ಲಿ ಪ್ರಯಾಣಕ್ಕೆ ಕೊಡುವ ಹಣ ಫೇರ್. ರಾಯಚೂರಿನಿಂದ ಲಿಂಗಸುಗೂರಿಗೆ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸಿನಲ್ಲಿ ಹೋದರೂ, ಬಳ್ಳಾರಿಯಲ್ಲಿ ಆಟೋ ಹತ್ತಿದರೂ ಫೇರ್ ಎಂದೇ ಬರೆಯಿರಿ. ಲಾರಿಯಲ್ಲಿ ಸರಕು ಕಳಿಸಿದರೆ ಫ್ರೈಟ್. ಹೆದ್ದಾರಿಯಲ್ಲಿ ತಡೆದು ವಸೂಲಿ ಮಾಡುವುದು ಟೋಲ್. ಕಾಲೇಜು, ಪರೀಕ್ಷೆ, ವಕೀಲರು, ಡಾಕ್ಟರು ಇವರಿಗೆ ಕೊಡುವುದು ಫೀ. ಮನೆಗೆ ರೆಂಟ್. ಸರಕಿನ ಮೇಲೆ ಬರೆದಿರುವುದು ಪ್ರೈಸ್. ತಪ್ಪು ಮಾಡಿ ಕಟ್ಟುವುದು ಫೈನ್. ದರಪಟ್ಟಿಗೆ ಟ್ಯಾರಿಫ್.

ಹಾಗಾದರೆ ‘ಚಾರ್ಜ್’ ಎಲ್ಲಿ ಉಳಿಯಿತು? ಸೇವೆಗೆ ಹಾಕುವ ಹಣಕ್ಕೆ. ಲೋಡಿಂಗ್ ಚಾರ್ಜ್, ಡೆಲಿವರಿ ಚಾರ್ಜ್, ಹೋಟೆಲಿನ ಸರ್ವಿಸ್ ಚಾರ್ಜ್. ಕರೆಂಟ್ ಬಿಲ್‌ನಲ್ಲಿ ಫಿಕ್ಸೆಡ್ ಚಾರ್ಜ್ ಮತ್ತು ಎನರ್ಜಿ ಚಾರ್ಜ್ ಎರಡೂ ಇರುತ್ತವೆ. ಮೊದಲನೆಯದು ಮಂಜೂರಾದ ‘ಲೋಡ್’ ಲೆಕ್ಕಕ್ಕೆ ಬೀಳುತ್ತದೆ, ಎರಡನೆಯದು ಸುಟ್ಟ ಯೂನಿಟ್‌ಗೆ. ಮತ್ತೆ ಹೊರೆಯೇ ಬಂತು, ಅಲ್ವಾ? ಟ್ಯಾಕ್ಸ್ ಅದೇ ಬಿಲ್‌ನಲ್ಲಿ ಬೇರೆ ಸಾಲಿನಲ್ಲಿ ಇರುತ್ತದೆ. ಅದು ಸರ್ಕಾರಕ್ಕೆ ಹೋಗುವ ಹಣ, ಚಾರ್ಜ್ ಅಂತ ಕರೆಯಬೇಡಿ. ಸರ್ವಿಸ್ ಚಾರ್ಜ್ ಕೂಡ ಟ್ಯಾಕ್ಸ್ ಅಲ್ಲ. ಬಿಲ್‌ಗೆ ತಾನಾಗಿಯೇ ಅದನ್ನು ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ.

ವಾಕ್ಯ ಕಟ್ಟುವಾಗ ಕ್ರಮ ಹೀಗೆ: ಚಾರ್ಜ್, ಆಮೇಲೆ ಮನುಷ್ಯ, ಆಮೇಲೆ ಹಣ, ಆಮೇಲೆ ಫಾರ್. ‘ಹಿ ಚಾರ್ಜ್ಡ್ ಮಿ ಫಿಫ್ಟಿ ರುಪೀಸ್ ಫಾರ್ ದ ರೈಡ್’. ಕನ್ನಡದಲ್ಲಿ ‘ನನಗೆ’ ಅನ್ನುತ್ತೇವೆ ಅಂತ ‘ಟು ಮಿ’ ಹಾಕಬೇಡಿ. ಪುಕ್ಕಟೆಗೆ ‘ಫ್ರೀ ಆಫ್ ಚಾರ್ಜ್’ ಸಾಕು, ಅದಕ್ಕಿಂತ ಮೊದಲು ‘ಅ್ಯಟ್’ ಬೇಡ. ‘ಅ್ಯಟ್ ಫ್ರೀ ಆಫ್ ಕಾಸ್ಟ್’ ಬೋರ್ಡ್‌ಗಳ ಮೇಲೆ ಎಷ್ಟೇ ಕಂಡರೂ ತಪ್ಪೇ.

ಹೆಜ್ಜೆ 6: ಪದದ ಆರಂಭಕ್ಕೆ ಅಂಟುವ ತುಣುಕು ಹಿಡಿದು ಬಳಗ ಕಲಿಯಿರಿ

‘ರೀ’ ಎಂದರೆ ಮತ್ತೆ. ರೀಚಾರ್ಜ್ ಸಿಮ್‌ಗೂ ಆಗುತ್ತದೆ, ಬೋರ್‌ವೆಲ್‌ಗೂ ಆಗುತ್ತದೆ. ‘ಓವರ್’ ಎಂದರೆ ಅತಿ, ಹಾಗಾಗಿ ಎಂಆರ್‌ಪಿ ಮೀರಿ ತಗೊಂಡರೆ ಓವರ್‌ಚಾರ್ಜ್. ‘ಸರ್’ ಎಂದರೆ ಮೇಲೆ, ಸರ್‌ಚಾರ್ಜ್ ಎಂದರೆ ಮೇಲ್ತೆರಿಗೆ ಅಥವಾ ಹೆಚ್ಚುವರಿ ಶುಲ್ಕ.

ಡಿಸ್ಚಾರ್ಜ್ ಬಗ್ಗೆ ಸ್ವಲ್ಪ ನಿಲ್ಲಬೇಕು. ‘ಡಿಸ್’ ಎಂದರೆ ಹೇರಿದ್ದನ್ನು ಇಳಿಸುವುದು. ಅಣೆಕಟ್ಟೆಯಿಂದ ನೀರು ಬಿಟ್ಟರೆ ಡಿಸ್ಚಾರ್ಜ್. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟ್ ಕೊಚ್ಚಿಹೋದಾಗ ಮುನಿರಾಬಾದ್, ಹೊಸಪೇಟೆಯಲ್ಲಿ ಎಲ್ಲರ ಬಾಯಲ್ಲೂ ಹೊರಹರಿವಿನ ಕ್ಯೂಸೆಕ್ ಲೆಕ್ಕವೇ ಇತ್ತು. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28.3 ಲೀಟರ್. ಇಲ್ಲಿ ಸಮಾನಪದ ಔಟ್‌ಫ್ಲೋ, ರಿಲೀಸ್. ಆಸ್ಪತ್ರೆಯಿಂದ ಮನೆಗೆ ಕಳಿಸಿದರೂ ಡಿಸ್ಚಾರ್ಜ್, ಗಾಯದಿಂದ ಕೀವು ಸೋರಿದರೂ ಡಿಸ್ಚಾರ್ಜ್. ಕೋರ್ಟಿನಲ್ಲಿ ವಿಚಾರಣೆಗೆ ಮೊದಲೇ ಆರೋಪದಿಂದ ಬಿಟ್ಟರೆ ಡಿಸ್ಚಾರ್ಜ್, ವಿಚಾರಣೆ ಮುಗಿಸಿ ಖುಲಾಸೆ ಮಾಡಿದರೆ ಅಕ್ವಿಟಲ್.

ಎಲ್ಲಕ್ಕಿಂತ ಚುರುಕಾದದ್ದು ಇದು. ‘ಡಿಸ್ಚಾರ್ಜ್ಡ್ ಹಿಸ್ ಡ್ಯೂಟೀಸ್’ ಎಂದರೆ ತನ್ನ ಕರ್ತವ್ಯ ನಿಭಾಯಿಸಿದ. ‘ವಾಸ್ ಡಿಸ್ಚಾರ್ಜ್ಡ್ ಫ್ರಮ್ ಹಿಸ್ ಡ್ಯೂಟೀಸ್’ ಎಂದರೆ ಅವನನ್ನು ಕೆಲಸದಿಂದ ಬಿಡಿಸಿದರು. ಬಯೋಡೇಟಾದಲ್ಲಿ ಒಂದು ‘ಫ್ರಮ್’ ತಪ್ಪಿ ಬಿದ್ದರೆ ಕತೆ ಬೇರೆಯೇ ಆಗುತ್ತದೆ.

ಹೆಜ್ಜೆ 7: ಪದ ತೆಗೆದು ಪದ ಇಟ್ಟು ನೋಡಿ

ಕೊನೆಗೆ ಪರೀಕ್ಷೆ. ವಾಕ್ಯದಲ್ಲಿ ‘ಚಾರ್ಜ್’ ತೆಗೆದು ನೀವು ಆರಿಸಿದ ಸಮಾನಪದ ಇಡಿ, ಗಟ್ಟಿಯಾಗಿ ಓದಿ. ಅರ್ಥ ಉಳಿದು, ಪಕ್ಕದ ಚಿಕ್ಕ ಪದವೂ ಹೊಂದಿಕೊಂಡರೆ ಸರಿ. ಇವುಗಳ ಮೇಲೆ ಮಾಡಿ ನೋಡಿ.

ಒಂದು: ‘ದ ಬುಲ್ ಚಾರ್ಜ್ಡ್ ಅ್ಯಟ್ ದ ಕ್ರೌಡ್’.
ಎರಡು: ‘ಶಿ ವಾಸ್ ಲೆಫ್ಟ್ ಇನ್ ಚಾರ್ಜ್ ಆಫ್ ದ ಶಾಪ್’.
ಮೂರು: ‘ದ ಮೀಟಿಂಗ್ ಎಂಡೆಡ್ ಇನ್ ಅ ಚಾರ್ಜ್ಡ್ ಅ್ಯಟ್ಮಾಸ್ಫಿಯರ್’.
ನಾಲ್ಕು: ‘ದ ಕಮಿಟಿ ವಾಸ್ ಚಾರ್ಜ್ಡ್ ವಿತ್ ಪ್ರಿಪೇರಿಂಗ್ ದ ರಿಪೋರ್ಟ್’.
ಐದು: ‘ದೇರ್ ಈಸ್ ಅ ಚಾರ್ಜ್ ಆನ್ ದಿಸ್ ಲ್ಯಾಂಡ್’.

ಮೊದಲನೆಯದಕ್ಕೆ ರಷ್ಡ್ ಸರಿಹೋಗುತ್ತದೆ. ಅಟ್ಯಾಕ್ಡ್ ಇಟ್ಟರೆ ‘ಅ್ಯಟ್’ ತೆಗೆಯಬೇಕು. ಎರಡನೆಯದರಲ್ಲಿ ‘ಇನ್ ಕಂಟ್ರೋಲ್ ಆಫ್’ ಇಡಬಹುದು. ಮೂರನೆಯದು ಬಿಸಿಯೇರಿದ ವಾತಾವರಣ, ಟೆನ್ಸ್ ಸಾಕು. ನಾಲ್ಕನೆಯದರಲ್ಲಿ ‘ವಿತ್’ ನೋಡಿ ಅಕ್ಯೂಸ್ಡ್ ಅಂದರೆ ಸಮಿತಿಗೆ ಅನ್ಯಾಯ. ವರದಿ ತಯಾರಿಸುವುದು ಅಪರಾಧ ಅಲ್ಲ, ಅಲ್ಲಿ ಎನ್‌ಟ್ರಸ್ಟೆಡ್ ಸರಿ. ಐದನೆಯದಕ್ಕೆ ಎನ್‌ಕಂಬ್ರನ್ಸ್. ಅಂಥ ಹೊಲ ಕೊಳ್ಳುವ ಮೊದಲು ಬೋಜಾ ತೆಗೆಸಿಕೊಡಿ ಅಂತ ಮಾರುವವರಿಗೆ ಹೇಳಿ.